ಪಾರ್ಲರ್ ಅಕ್ಕನಿಗೆ "ಕಟ್ಟರ್ ತೊಳೆದಿದ್ದೀರಾ" ಅಂತ ಹೇಗೆ ಕೇಳುವುದು?

ದಾವಣಗೆರೆ ಬೆಣ್ಣೆ:

ಹೋದ ತಿಂಗಳು ತಂಗಿಯ ಮದುವೆ ಇತ್ತು. ಮೂರು ದಿನ ಮೊದಲು ನಮ್ಮ ಬೀದಿಯ ಪಾರ್ಲರ್‌ಗೆ ಹೋಗಿ ಕೈಗೆ ಮ್ಯಾನಿಕ್ಯೂರ್ ಮಾಡಿಸಿಕೊಂಡೆ. ಉಗುರಿನ ಬುಡದ ಚರ್ಮ ಕತ್ತರಿಸುವಾಗ ಉಂಗುರದ ಬೆರಳು ಚುರ್ ಅಂತು. ಒಂದು ಹನಿ ರಕ್ತ, ಅಷ್ಟೇ. ಅಕ್ಕ ಹತ್ತಿಯಲ್ಲಿ ಒತ್ತಿದರು. ಆಮೇಲೆ ಅದೇ ಕಟ್ಟರನ್ನು ಟವೆಲಿಗೆ ಒರೆಸಿ ಟ್ರೇಯಲ್ಲಿಟ್ಟರು. ನನ್ನ ನಂತರ ಆ ಕುರ್ಚಿಯಲ್ಲಿ ಕೂತವರು ನಮ್ಮ ಅತ್ತೆ. ಅವರಿಗೆ ಶುಗರ್ ಇದೆ.

ಧಾರೆಯ ದಿನ ಬೆಳಿಗ್ಗೆ ಬೆರಳು ಕೆಂಪಗೆ ಊದಿಕೊಂಡಿತ್ತು. ಉಗುರುಸುತ್ತು! ಅಜ್ಜಿ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದರು. ಎಲ್ಲ ಫೋಟೊದಲ್ಲೂ ಕೈ ಸೆರಗಿನೊಳಗೆ. ಮಾರನೆಯ ದಿನ ಡಾಕ್ಟರು ಕೀವು ತೆಗೆದು ಐದು ದಿನ ಮಾತ್ರೆ ಕೊಟ್ಟರು. ಅತ್ತೆಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ಟ್ರೇ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಆ ಅಕ್ಕ ಎಂಟು ವರ್ಷದಿಂದ ಗೊತ್ತು. ಒಬ್ಬರೇ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾರೆ. ಬೇರೆ ಪಾರ್ಲರ್ ಹುಡುಕುವುದು ಸುಲಭ. ನನಗೆ ಅದು ಬೇಡ. ಅವರ ಹತ್ತಿರ ಕ್ರಿಮಿ ಸಾಯಲಿ ಅಂತ ಕಟ್ಟರ್ ಇಡುವ ನೀಲಿ ಲೈಟಿನ (ಯುವಿ) ಡಬ್ಬಿ ಇದೆ, ಡೆಟಾಲ್ ನೀರೂ ಇಡುತ್ತಾರೆ. ಅದು ಸಾಲದಾ? ಸಾಲದಿದ್ದರೆ ಮನಸ್ಸು ನೋಯಿಸದೆ ಹೇಗೆ ಹೇಳಲಿ?

ರಾತ್ರಿ ಪಾಳಿ:

ನಾನು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಸಾಲದು ಸಿಸ್ಟರ್.

ನೀಲಿ ಡಬ್ಬಿಯ ಬೆಳಕು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ. ಕಟ್ಟರಿನ ಬಾಯಿ ಮುಚ್ಚಿದ್ದರೆ ಒಳಗೆ ಬೆಳಕು ಹೋಗುವುದೇ ಇಲ್ಲ. ಒಂದರ ಮೇಲೊಂದು ಪೇರಿಸಿಟ್ಟರೂ ಅಷ್ಟೇ. ತೊಳೆದ ಸಾಮಾನು ಇಡಲು ಅದು ಒಳ್ಳೆಯ ಜಾಗ, ಅಷ್ಟೇ. ಬೆಳಿಗ್ಗೆ ಕಲಸಿದ ಡೆಟಾಲ್ ನೀರಿನಲ್ಲಿ ಸಂಜೆವರೆಗೂ ಎಲ್ಲರ ಕಟ್ಟರ್ ಅದ್ದಿದರೆ ಅದು ಬರೀ ಕೊಳೆ ನೀರು.

ಮೊದಲು ಸೋಪು ಹಾಕಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು. ಇದನ್ನೇ ಎಲ್ಲರೂ ಬಿಡುವುದು. ರಕ್ತ, ಚರ್ಮದ ಚೂರು ಅಂಟಿಕೊಂಡಿದ್ದರೆ ಅದರ ಅಡಿಯಲ್ಲಿ ಕ್ರಿಮಿ ಹಾಯಾಗಿ ಕೂತಿರುತ್ತದೆ, ಮೇಲಿನಿಂದ ಏನು ಸುರಿದರೂ ತಲುಪುವುದಿಲ್ಲ. ಉಜ್ಜಿದ ಮೇಲೆ 20 ನಿಮಿಷ ಕುದಿಸಿದರೆ ಬಹುಪಾಲು ಸಾಯುತ್ತವೆ. ಆಪರೇಷನ್ ಸಾಮಾನಿನ ಕ್ರಿಮಿ ಕೊಲ್ಲುವ ನಮ್ಮ ಯಂತ್ರ, ಆಟೋಕ್ಲೇವ್, ಇನ್ನೂ ಗಟ್ಟಿ, ಒತ್ತಡದ ಹಬೆಯಲ್ಲಿ 121 ಡಿಗ್ರಿ. ಪ್ರೆಶರ್ ಕುಕ್ಕರಿನದೂ ಅದೇ ಲೆಕ್ಕ.

ಉಗುರುಸುತ್ತು ವಾಸಿಯಾಗುತ್ತದೆ. ನನಗೆ ಹೆದರಿಕೆ ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ಬಗ್ಗೆ. ಆ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವಂತ ಇರುತ್ತದೆ. ಕಣ್ಣಿಗೆ ಕಲೆಯೂ ಕಾಣಬೇಕಿಲ್ಲ. ಇದಕ್ಕೆ ಲಸಿಕೆ ಇದೆ, ಆರು ತಿಂಗಳಲ್ಲಿ ಮೂರು ಸೂಜಿ. ಆ ಅಕ್ಕ ದಿನಾ ಬೇರೆಯವರ ರಕ್ತ ಮುಟ್ಟುತ್ತಾರೆ ಅಲ್ವಾ, ಮೊದಲು ಅವರೇ ಹಾಕಿಸಿಕೊಳ್ಳಲಿ.

ಕಾಲು ನೆನೆಸುವ ಟಬ್ಬನ್ನೂ ನೋಡಿ. 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದೇ ಸಲೂನಿನ ನೂರಕ್ಕೂ ಹೆಚ್ಚು ಗಿರಾಕಿಗಳಿಗೆ ಮೊಣಕಾಲಿನ ಕೆಳಗೆ ಕುರು ಎದ್ದಿತ್ತು. ಟಬ್ಬಿನ ಜಾಲರಿಯ ಹಿಂದೆ ಕೂದಲು, ಚರ್ಮದ ಕಸ ಕೂತು ಅಲ್ಲಿ ಕ್ರಿಮಿ ಬೆಳೆದಿತ್ತು. ಕಾಲು ಶೇವ್ ಮಾಡಿಕೊಂಡು ಹೋದವರಿಗೇ ಜಾಸ್ತಿ. ಅತ್ತೆಯವರಿಗೆ ಶುಗರ್ ಇರುವುದರಿಂದ ಉಗುರಿನ ಬುಡ ಕತ್ತರಿಸುವುದೇ ಬೇಡ ಅನ್ನಿ.

ಕತ್ತರಿ ಕೈ:

ಹಾಸನದಲ್ಲಿ 22 ವರ್ಷದಿಂದ ಕಟಿಂಗ್ ಶಾಪ್ ಇಟ್ಟಿದ್ದೇನೆ ಮೇಡಂ. ಹೇಗೆ ಹೇಳಲಿ ಅಂತ ಕೇಳಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತಂದೆ ಚರ್ಮದ ಪಟ್ಟಿಗೆ ಮಸೆದು ಒಂದೇ ಕತ್ತಿಯಲ್ಲಿ ಊರಿಗೆಲ್ಲ ಶೇವ್ ಮಾಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಏಡ್ಸ್ ಭಯ ಬಂತು. ಗಿರಾಕಿಗಳೇ "ಹೊಸ ಬ್ಲೇಡ್ ಹಾಕಪ್ಪ" ಅನ್ನಲು ಶುರು ಮಾಡಿದರು. ತಂದೆಗೆ ಮೊದಲು ಬೇಜಾರಾಯಿತು. ಆಮೇಲೆ ಅವರೇ ಗಿರಾಕಿಯ ಎದುರಿಗೆ ಬ್ಲೇಡ್ ಮುರಿದು ತೋರಿಸಿ ಹಾಕುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ.

ಆದರೆ ಬ್ಲೇಡ್ ಹೊಸದಾದರೆ ಆಯಿತು ಅಂತ ಜನ ನಂಬಿದ್ದಾರೆ. ಟ್ರಿಮ್ಮರ್ ಬಗ್ಗೆ ಯಾರೂ ಕೇಳುವುದಿಲ್ಲ. ಜೀರೋ ಹೊಡೆಯುವಾಗ ಅದೂ ಚರ್ಮ ತರಚುತ್ತದೆ. ಗಾಯಕ್ಕೆ ಉಜ್ಜುವ ಪಟಿಕ ಎಲ್ಲರಿಗೂ ಒಂದೇ. ಕತ್ತಿನ ಕೂದಲು ಕೊಡವುವ ಬ್ರಷ್ ಒಂದೇ. ನಾನು ಪಟಿಕವನ್ನು ಪುಡಿ ಮಾಡಿ ಹತ್ತಿಯಲ್ಲಿ ಹಚ್ಚುತ್ತೇನೆ, ಹತ್ತಿ ಬಿಸಾಡುತ್ತೇನೆ. ಟ್ರಿಮ್ಮರಿನ ಹಲ್ಲಿನಿಂದ ಕೂದಲು ಬಿಡಿಸಿ ಸ್ಪಿರಿಟ್ ಹಾಕಿ, ಅದು ತಾನಾಗಿ ಆರುವವರೆಗೆ ಮುಟ್ಟುವುದಿಲ್ಲ. ತಕ್ಷಣ ಒರೆಸಿದರೆ ಹಾಕಿದ್ದೂ ದಂಡ. ಭಾನುವಾರ ಹತ್ತು ಜನ ಕಾಯುತ್ತಿರುವಾಗ ಇದು ಕಷ್ಟ ಮೇಡಂ, ಸುಳ್ಳು ಹೇಳುವುದಿಲ್ಲ. ಅದಕ್ಕೇ ಎರಡು ಟ್ರಿಮ್ಮರ್ ಇಟ್ಟಿದ್ದೇನೆ.

ನೀವು ಎಲ್ಲರ ಎದುರು ಕೇಳಬೇಡಿ. ಜನ ಇಲ್ಲದ ಹೊತ್ತಿಗೆ ಹೋಗಿ. "ನಿಮ್ಮಿಂದ ಹೀಗಾಯಿತು" ಅಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಬೆರಳು ತೋರಿಸಿ, "ನಿಮ್ಮ ಹತ್ತಿರವೇ ಬರಬೇಕು ಅಕ್ಕ, ಅದಕ್ಕೇ ಹೇಳುತ್ತಿದ್ದೇನೆ" ಅನ್ನಿ.

ಅಪ್ಪುವಿನ ಅಮ್ಮ:

ಟ್ರಿಮ್ಮರ್ ಮಾತು ನಿಜ. ನನ್ನ ಮಗನಿಗೆ ಕಟಿಂಗ್ ಆದ ಮೇಲೆ ಕತ್ತಿನಲ್ಲಿ ಹುಳುಕಡ್ಡಿ ಆಯಿತು. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮ್ ಹಚ್ಚಿದೆ, ನಾಲ್ಕು ದಿನ ತುರಿಕೆ ನಿಂತು ಆಮೇಲೆ ಬೆನ್ನಿಗೂ ಹರಡಿತು. ಅದರಲ್ಲಿ ಸ್ಟೀರಾಯ್ಡ್ ಇತ್ತಂತೆ. ಚರ್ಮದ ಡಾಕ್ಟರನ್ನೇ ತೋರಿಸಿ, ಸುಮ್ನೆ ಏನೇನೋ ಹಚ್ಚಬೇಡಿ.

ದಾವಣಗೆರೆ ಬೆಣ್ಣೆ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಹೋದೆ. ಹಾಸನದ ಅಣ್ಣ ಹೇಳಿದ ಹಾಗೇ ಬೆರಳು ತೋರಿಸಿದೆ. ಅಕ್ಕ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅವರಿಗೆ ಕೋರ್ಸಿನಲ್ಲಿ ನೀಲಿ ಡಬ್ಬಿ ಇದ್ದರೆ ಸಾಕು ಅಂತಲೇ ಹೇಳಿಕೊಟ್ಟಿದ್ದರಂತೆ. ಇಬ್ಬರೂ ಕೂತು ಎಲ್ಲ ಕಟ್ಟರ್ ಉಜ್ಜಿದೆವು. ಒಂದರ ಕೀಲಿನಿಂದ ಬಂದದ್ದನ್ನು ನೋಡಿ ಅವರೇ ಅದನ್ನು ಎಸೆದರು. ಮನೆಯ ಹಳೆಯ ಮೂರು ಲೀಟರ್ ಕುಕ್ಕರ್ ಇನ್ನು ಪಾರ್ಲರ್‌ನಲ್ಲೇ ಇರುತ್ತದೆ. ಇನ್ನೂ ಎರಡು ಜೊತೆ ಕಟ್ಟರ್ ಕೊಳ್ಳುತ್ತಾರೆ. ಲಸಿಕೆಗೆ ಸೋಮವಾರ ನಾವಿಬ್ಬರೂ ಒಟ್ಟಿಗೆ ಹೋಗುತ್ತಿದ್ದೇವೆ.

ಇನ್ನೊಂದು ಉಳಿದಿದೆ. ಹುಬ್ಬು ತೆಗೆಯುವಾಗ ದಾರವನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾರೆ. ಕೆಲವರು ಕುತ್ತಿಗೆಗೆ ಕಟ್ಟಿಕೊಂಡು ಮಾಡುತ್ತಾರಂತೆ. ಇಲ್ಲಿ ಯಾರಾದರೂ ಹಾಗೆ ಮಾಡುವವರಿದ್ದರೆ ಹೇಳಿಕೊಡಿ, ಅಕ್ಕ ಕಲಿಯುತ್ತೇನೆ ಅಂದಿದ್ದಾರೆ.