ಅಪ್‌ಡೇಟ್: ತಮ್ಮನ ಇನ್ಶೂರೆನ್ಸ್ ಕ್ಲೇಮ್ ಪಾಸಾಯಿತು

ರಜೆಗೆ ಹುಬ್ಬಳ್ಳಿಯಿಂದ ಗೋವಾಕ್ಕೆ ಬಂದ ನನ್ನ ತಮ್ಮ ಕಲಂಗುಟ್‌ನಲ್ಲಿ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡ, ಕುಡಿದಿದ್ದ ಅಂತ ಟ್ರಾವೆಲ್ ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಿದರು, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೊದಲು ಆಸ್ಪತ್ರೆಯ ಪೂರ್ತಿ ಫೈಲ್ ತೆಗೆಸಿದೆ. ಡಾಕ್ಟರ ಕೈಬರಹದಲ್ಲಿ ‘ಬಾಯಿಂದ ಮದ್ಯದ ವಾಸನೆ’ ಅಂತ ಒಂದು ಸಾಲು. ಅದರ ಕೆಳಗೇ ‘ಪೂರ್ತಿ ಎಚ್ಚರ, ಮಾತು ಸ್ಪಷ್ಟ’ ಅಂತಲೂ ಇತ್ತು! ರಕ್ತಪರೀಕ್ಷೆ ಮಾಡಿಯೇ ಇರಲಿಲ್ಲ. ಪಾಲಿಸಿಯಲ್ಲಿರುವುದು ‘ಅಮಲಿನಿಂದ ಆದ ಗಾಯ’ ಅಂತ. ಒಂದು ಬಿಯರ್ ಕುಡಿದಿದ್ದಕ್ಕೂ ಅಮಲಿನಲ್ಲಿ ಬಿದ್ದಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅಮಲಿತ್ತು ಅಂತ ಸಾಬೀತು ಮಾಡಬೇಕಾದವರು ಕಂಪನಿಯವರೇ, ನಾವಲ್ಲ.

ಇದನ್ನೇ ಬರೆದು, ಮೆಟ್ಟಿಲ ಮೇಲೆ ನೀರು ನಿಂತಿದ್ದ ಫೋಟೋ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಹತ್ತಿರ ಹೋಗಬಹುದು, ಫೀಸ್ ಇಲ್ಲ. ಅಲ್ಲಿವರೆಗೆ ಹೋಗಬೇಕಾಗಲಿಲ್ಲ. 22ನೇ ದಿನ ಆಸ್ಪತ್ರೆ ಬಿಲ್ ಪೂರ್ತಿ ಕೊಡುತ್ತೇವೆ ಅಂತ ಮೇಲ್ ಬಂತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಅತ್ತೇಬಿಟ್ಟರು.

ಫೈಲ್ ತೆಗೆಸು ಅಂದವರಿಗೆಲ್ಲ ಮನಸಾರೆ ಥ್ಯಾಂಕ್ಸ್.