‘ವಿಕಾಸವಾದ’ದಲ್ಲಿರುವ ‘ವಾದ’ ಮತ್ತು ‘ಕೇವಲ ಸಿದ್ಧಾಂತ’ ಎಂಬ ಮಾತು

ಜೀವವಿಕಾಸದ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ: ‘ಡಾರ್ವಿನ್ ಹೇಳಿದ್ದು ಕೇವಲ ಸಿದ್ಧಾಂತ, ಇನ್ನೂ ಸಾಬೀತಾಗಿಲ್ಲ.’ ಕನ್ನಡದ ಕಿವಿಗೆ ಈ ವಾಕ್ಯ ವಿಚಿತ್ರವಾಗಿ ಕೇಳಬೇಕು. ಪೂರ್ವಪಕ್ಷವನ್ನು ಮುಂದಿಟ್ಟು, ಆಕ್ಷೇಪಗಳನ್ನೆಲ್ಲ ಬಗೆಹರಿಸಿ, ಕಡೆಗೆ ನಿಲ್ಲಿಸುವುದಕ್ಕೆ ನಮ್ಮಲ್ಲಿ ಸಿದ್ಧಾಂತ ಎಂದು ಹೆಸರು. ಸಿದ್ಧವಾದ ಅಂತ. ಅದಕ್ಕೆ ‘ಕೇವಲ’ ಎಂಬುದು ಹೇಗೆ ಅಂಟಿಕೊಂಡಿತು, ಮತ್ತು ಅಂಟಿಕೊಂಡದ್ದು ನಮಗೆ ಅಷ್ಟಾಗಿ ಚುಚ್ಚುವುದಿಲ್ಲವೇಕೆ ಎಂಬುದು ನನ್ನ ಮೊದಲ ಪ್ರಶ್ನೆ.

ಇದು ಇಂಗ್ಲಿಷಿನ ವಾಕ್ಯವೊಂದರ ನೆರಳು ಎಂದು ನನಗೆ ಅನಿಸುತ್ತದೆ. ಆ ಭಾಷೆಯ ದಿನಬಳಕೆಯಲ್ಲಿ ಥಿಯರಿ ಎಂದರೆ ಅಂದಾಜು, ಗುಮಾನಿ. ವಿಜ್ಞಾನಿಗಳ ಬಾಯಲ್ಲಿ ಅದೇ ಪದಕ್ಕೆ ಹಲವಾರು ಸಂಗತಿಗಳನ್ನು ಒಟ್ಟಿಗೆ ವಿವರಿಸುವ, ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿಯೂ ಉಳಿದುಬಂದ ವಿವರಣೆ ಎಂಬ ಅರ್ಥ. 2002ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯ ಶಾಲಾ ಮಂಡಳಿ ಜೀವವಿಜ್ಞಾನದ ಪಠ್ಯಪುಸ್ತಕಗಳ ಒಳಗೆ ಒಂದು ಚೀಟಿ ಅಂಟಿಸಿತು. ವಿಕಾಸ ಎಂಬುದು ಜೀವಿಗಳ ಮೂಲದ ಕುರಿತಾದ ಒಂದು ಥಿಯರಿ, ಫ್ಯಾಕ್ಟ್ ಅಲ್ಲ ಎಂಬುದು ಅದರ ಸಾರ. ಕೆಲವು ಪೋಷಕರು ಕೋರ್ಟಿಗೆ ಹೋದರು. 2005ರ ಜನವರಿಯಲ್ಲಿ ಫೆಡರಲ್ ನ್ಯಾಯಾಲಯ ಚೀಟಿಗಳನ್ನು ತೆಗೆಯಲು ಹೇಳಿತು. ಮೇಲ್ಮನವಿಯ ಸುತ್ತು ಮುಗಿದ ಮೇಲೆ, 2006ರ ಡಿಸೆಂಬರಿನಲ್ಲಿ ರಾಜಿಯಾಗಿ, ಅಂಥ ಚೀಟಿಯನ್ನು ಮತ್ತೆ ಹಚ್ಚುವುದಿಲ್ಲ ಎಂದು ಮಂಡಳಿ ಒಪ್ಪಿತು. ಅಷ್ಟು ದೊಡ್ಡ ಹೋರಾಟ ನಿಂತದ್ದು ಒಂದೇ ಪದದ ಎರಡು ಅರ್ಥಗಳ ನಡುವೆ.

ಆ ಚೀಟಿಯನ್ನು ಕನ್ನಡಕ್ಕೆ ತಂದು ನೋಡಿ. ‘ವಿಕಾಸವು ಸಿದ್ಧಾಂತ, ವಾಸ್ತವವಲ್ಲ’ ಎಂದರೆ ವಾಕ್ಯದ ಕಾಲು ಮುರಿಯುತ್ತದೆ. ಸಿದ್ಧಾಂತವಾದದ್ದು ವಾಸ್ತವವಾಗದೆ ಹೇಗೆ ಎಂದು ಓದುಗರು ಕೇಳಬಹುದು. ‘ಬರೀ ಥಿಯರಿ’ ಎಂದರೆ ಕೂಡಲೇ ಅರ್ಥವಾಗುತ್ತದೆ, ಏಕೆಂದರೆ ‘ಥಿಯರಿಯೇನೋ ಸರಿ, ಪ್ರಾಕ್ಟಿಕಲ್ಲಾಗಿ ನಡೆಯಲ್ಲ’ ಎಂಬ ಬಳಕೆ ನಮ್ಮಲ್ಲೂ ಬೇರೂರಿದೆ. ‘ವಿಕಾಸ ಒಂದು ವಾದ ಮಾತ್ರ’ ಎಂದರಂತೂ ಅನುವಾದ ಎಂಬುದೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ತಪ್ಪು ತಿಳಿವಳಿಕೆ ಒಳಬರುವುದು ಸಿದ್ಧಾಂತದ ಬಾಗಿಲಿನಿಂದ ಕಡಿಮೆ, ವಾದದ ಬಾಗಿಲಿನಿಂದ ಹೆಚ್ಚು.

ವಿಕಾಸವಾದ ಎಂಬ ಪದ ಯಾರ ಸಾಲಿನಲ್ಲಿ ಕೂತಿದೆ ಎಂದು ಗಮನಿಸಿ. ಸಮಾಜವಾದ, ಬಂಡವಾಳವಾದ, ಮೂಲಭೂತವಾದ. ಇವೆಲ್ಲ ಜನ ಹಿಡಿದುಕೊಳ್ಳುವ ನಿಲುವುಗಳು. ಒಬ್ಬರು ಹಿಡಿದರೆ ಇನ್ನೊಬ್ಬರು ಬಿಡಬಹುದು. ಎದುರಿಗೆ ಸೃಷ್ಟಿವಾದವನ್ನು ಇಟ್ಟರೆ ಚಿತ್ರ ಪೂರ್ತಿಯಾಗುತ್ತದೆ: ಎರಡು ವಾದಗಳು, ಎರಡು ಪಕ್ಷಗಳು, ನಡುವೆ ತೀರ್ಪು ಕೊಡಲು ನಾವು. ‘ವಿಕಾಸವಾದಿ’ ಎಂಬ ಪದವೂ ಹೀಗೇ ಹುಟ್ಟಿಕೊಂಡಿದೆ. ಸೇಬು ಕೆಳಗೆ ಬೀಳುತ್ತದೆ ಎನ್ನುವವರನ್ನು ಯಾರೂ ಗುರುತ್ವವಾದಿ ಎನ್ನುವುದಿಲ್ಲ. ಕಾಲರಾ ಬ್ಯಾಕ್ಟೀರಿಯಾದಿಂದ ಬರುತ್ತದೆ ಎನ್ನುವವರನ್ನು ರೋಗಾಣುವಾದಿ ಎನ್ನುವುದಿಲ್ಲ. ವಾದದ ಜತೆ ಬರುವ ಕ್ರಿಯಾಪದವನ್ನೂ ನೋಡಬೇಕು. ‘ನೀವು ವಿಕಾಸವಾದವನ್ನು ನಂಬುತ್ತೀರಾ?’ ಎಂದು ಕೇಳುವುದು ಸಹಜವಾಗಿದೆ. ‘ಜೀವಕೋಶ ಸಿದ್ಧಾಂತವನ್ನು ನಂಬುತ್ತೀರಾ?’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆ ಪ್ರಶ್ನೆಯಲ್ಲೇ ಅರ್ಧ ಉತ್ತರ ಅಡಗಿದೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಜೀವಲೋಕವನ್ನು ಅರಿಯಲು ನಮಗಿರುವ ಅತಿ ದೊಡ್ಡ ವಿವರಣೆಯನ್ನು ಕನ್ನಡದ ಮಕ್ಕಳು ಮೊದಲ ಸಲ ಭೇಟಿಯಾಗುವುದೇ ಜಗಳದ ವೇಷದಲ್ಲಿ.

ಹಳೆಯ ತರ್ಕಶಾಸ್ತ್ರದಲ್ಲಿ ವಾದ ಇಷ್ಟು ಕೆಳಗಿಳಿದಿರಲಿಲ್ಲ ಎಂಬುದನ್ನು ಹೇಳಲೇಬೇಕು. ನಮ್ಮ ಪ್ರಾಚೀನ ತರ್ಕಪಂಥವಾದ ನ್ಯಾಯದರ್ಶನದ ಹದಿನಾರು ಪದಾರ್ಥಗಳಲ್ಲಿ, ಅಂದರೆ ಅದು ವಿಚಾರಿಸುವ ವಿಷಯಗಳಲ್ಲಿ, ಸಿದ್ಧಾಂತವೂ ಇದೆ, ವಾದವೂ ಇದೆ. ಅಲ್ಲಿ ವಾದ ಎಂದರೆ ನಿಜವನ್ನು ತಿಳಿಯಲೆಂದೇ ನಡೆಸುವ ಚರ್ಚೆ. ಗೆಲ್ಲುವುದಕ್ಕಾಗಿ ನಡೆಸುವುದು ಜಲ್ಪ; ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದು ವಿತಂಡ. 1968ರಲ್ಲಿ ಜಪಾನಿನ ತಳಿವಿಜ್ಞಾನಿ ಮೋಟೂ ಕಿಮುರಾ, ಅಣುಮಟ್ಟದಲ್ಲಿ ಆಗುವ ಬಹುಪಾಲು ಬದಲಾವಣೆಗಳು ನೈಸರ್ಗಿಕ ಆಯ್ಕೆಯ ಮಟ್ಟಿಗೆ ತಟಸ್ಥ, ಅಂದರೆ ಲಾಭವೂ ಅಲ್ಲ ನಷ್ಟವೂ ಅಲ್ಲ ಎಂದಾಗ ಜೀವವಿಜ್ಞಾನಿಗಳ ನಡುವೆ ದೊಡ್ಡ ಚರ್ಚೆಯೇ ಎದ್ದಿತು. ಅದು ಈ ಹಳೆಯ ಅರ್ಥದ ವಾದ. ವಿಕಾಸ ನಡೆದಿದೆಯೇ ಎಂಬುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಆಯ್ಕೆಯ ಪಾಲೆಷ್ಟು, ಆಕಸ್ಮಿಕದ ಪಾಲೆಷ್ಟು ಎಂಬುದಾಗಿತ್ತು. ಇಂಥ ಚರ್ಚೆಯನ್ನೇ ತೋರಿಸಿ ‘ನೋಡಿ, ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ’ ಎನ್ನುವುದು ಯಾವ ಬಗೆಯದು ಎಂದು ವಾದ, ಜಲ್ಪ, ವಿತಂಡಗಳ ಆ ಪಟ್ಟಿಯೇ ಹೇಳುತ್ತದೆ.

ಅದೇ ನ್ಯಾಯದರ್ಶನ ಸಿದ್ಧಾಂತವನ್ನೂ ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ನಮಗೆ ಬೇಕಾದವು ಎರಡು. ಯಾವ ಶಾಸ್ತ್ರಕ್ಕೂ ವಿರೋಧವಿಲ್ಲದ್ದು ಸರ್ವತಂತ್ರ ಸಿದ್ಧಾಂತ. ಒಂದು ಪಂಥದವರು ಒಪ್ಪಿ ಇನ್ನೊಂದು ಪಂಥದವರು ಒಪ್ಪದ್ದು ಪ್ರತಿತಂತ್ರ ಸಿದ್ಧಾಂತ. ಇಂದಿನ ಕನ್ನಡದಲ್ಲಿ ಸಿದ್ಧಾಂತ ಎಂದೊಡನೆ ಹೊಳೆಯುವುದು ಹೆಚ್ಚಾಗಿ ಎರಡನೆಯದು: ದ್ವೈತ ಸಿದ್ಧಾಂತ, ಪಕ್ಷದ ಸಿದ್ಧಾಂತ, ‘ಅವರವರ ಸಿದ್ಧಾಂತ ಅವರವರಿಗೆ’. ‘ಕೇವಲ’ ಬಂದು ಕೂರಲು ಜಾಗ ಸಿಕ್ಕಿದ್ದು ಇಲ್ಲೇ ಇರಬೇಕು. ಇತ್ತೀಚೆಗೆ ‘ಪಿತೂರಿ ಸಿದ್ಧಾಂತ’ ಎಂಬ ಬಳಕೆಯೂ ಸೇರಿಕೊಂಡಿದೆ. ಚಂದ್ರನ ಮೇಲೆ ಯಾರೂ ಇಳಿದೇ ಇಲ್ಲ ಎಂಬ ವದಂತಿಗೂ ಪರಮಾಣು ಸಿದ್ಧಾಂತಕ್ಕೂ ಒಂದೇ ಬಿರುದು. ಇದನ್ನು ‘ಪಿತೂರಿಕಥೆ’ ಎಂದರೆ ಸಾಕಲ್ಲವೇ?

ಇನ್ನೊಂದು ತೊಡಕು ಎದುರು ದಿಕ್ಕಿನದು. ಅಂತ ಎಂದರೆ ಕೊನೆ. ವಿಜ್ಞಾನದ ಯಾವ ಸಿದ್ಧಾಂತವೂ ಆ ಅರ್ಥದಲ್ಲಿ ಕೊನೆಯಲ್ಲ. ನ್ಯೂಟನ್ನನ ಗುರುತ್ವದ ಲೆಕ್ಕಕ್ಕೆ ಬುಧಗ್ರಹದ ಕಕ್ಷೆ ಪೂರ್ತಿ ಹೊಂದಲಿಲ್ಲ. ಉಳಿದ ಅಂತರ ಶತಮಾನಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಆರ್ಕ್‌ಸೆಕೆಂಡ್). 1915ರಲ್ಲಿ ಐನ್‌ಸ್ಟೈನ್ ಅದನ್ನು ವಿವರಿಸಿದರು. ಸಿದ್ಧಾಂತವೆಂದರೆ ಮುಗಿದ ಮಾತು ಎಂದುಕೊಂಡವರಿಗೆ ಇಂಥ ತಿದ್ದುಪಡಿ ಸೋಲಿನಂತೆ ಕಾಣುತ್ತದೆ. ಬುಧ ಮೊದಲಿನಂತೆ ಸುತ್ತುತ್ತಲೇ ಇತ್ತು, ವಿವರಣೆ ಮಾತ್ರ ಮೊನಚಾಯಿತು.

‘ಇನ್ನೂ ನಿಯಮವಾಗಿಲ್ಲ’ ಎಂಬ ಆಕ್ಷೇಪಕ್ಕೆ ಹೆಚ್ಚು ಜಾಗ ಬೇಕಿಲ್ಲ. ಊಹೆ ಬಡ್ತಿ ಪಡೆದು ಸಿದ್ಧಾಂತವಾಗಿ, ಸಿದ್ಧಾಂತ ಬಡ್ತಿ ಪಡೆದು ನಿಯಮವಾಗುತ್ತದೆ ಎಂಬ ಏಣಿ ಎಲ್ಲೂ ಇಲ್ಲ. ಅನಿಲದ ಒತ್ತಡ ಹೆಚ್ಚಿದರೆ ಗಾತ್ರ ಎಷ್ಟು ಕುಗ್ಗುತ್ತದೆ ಎಂದು ಬಾಯ್ಲ್ ನಿಯಮ ಹೇಳುತ್ತದೆ; ಏಕೆ ಕುಗ್ಗುತ್ತದೆ ಎಂದು ಅಣುಗಳ ಓಡಾಟದ ಮೂಲಕ ಹೇಳುವುದು ಅನಿಲಗಳ ಚಲನ ಸಿದ್ಧಾಂತ. ತೀರಾ ಹೆಚ್ಚಿನ ಒತ್ತಡದಲ್ಲಿ ಆ ನಿಯಮ ಸರಿಯಾಗಿ ಹೊಂದುವುದಿಲ್ಲ, ಏಕೆ ಹೊಂದುವುದಿಲ್ಲ ಎಂದು ತಿಳಿಸುವುದೂ ಅಣುಗಳ ಸಿದ್ಧಾಂತವೇ.

ಸಿದ್ಧಾಂತ ಮಾಡುವ ಕೆಲಸವೇನು ಎಂಬುದಕ್ಕೆ ನಾನು ಸದಾ ಕೊಡುವ ಉದಾಹರಣೆ ಟಿಕ್ಟಾಲಿಕ್ ಎಂಬ ಪಳೆಯುಳಿಕೆ. ಸುಮಾರು 38.5 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ಮೀನುಗಳು ಸಿಗುತ್ತವೆ, ಸುಮಾರು 36.5 ಕೋಟಿ ವರ್ಷ ಹಳೆಯವುಗಳಲ್ಲಿ ನಾಲ್ಕು ಕಾಲಿನ ಪ್ರಾಣಿಗಳು. ವಿಕಾಸದ ವಿವರಣೆ ಸರಿಯಾಗಿದ್ದರೆ ನಡುವಿನ ಪದರಗಳಲ್ಲಿ ನಡುವಿನ ಜೀವಿ ಇರಬೇಕು. ಪಳೆಯುಳಿಕೆ ತಜ್ಞರಾದ ನೀಲ್ ಶೂಬಿನ್, ಟೆಡ್ ಡೇಶ್ಲರ್ ಮತ್ತು ಸಂಗಡಿಗರು ಅದೇ ಕಾಲದ, ಹಳೆಯ ನದಿಗಳು ತಂದು ಹಾಕಿದ ಶಿಲೆಗಳು ಎಲ್ಲಿ ಬಯಲಾಗಿವೆ ಎಂದು ನಕ್ಷೆಯಲ್ಲಿ ಹುಡುಕಿ, ಕೆನಡಾದ ಉತ್ತರದ ಹಿಮಪ್ರದೇಶಕ್ಕೆ ಬೇಸಿಗೆ ಬೇಸಿಗೆ ಹೋದರು. 2004ರಲ್ಲಿ ಎಲ್ಸ್‌ಮಿಯರ್ ದ್ವೀಪದಲ್ಲಿ ಅದು ಸಿಕ್ಕಿತು: ಸುಮಾರು 37.5 ಕೋಟಿ ವರ್ಷ ಹಳೆಯದು, ಮೀನಿನ ಹುರುಪೆ, ಮೀನಿನ ಈಜುರೆಕ್ಕೆ, ಆದರೆ ಆ ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳು, ಚಪ್ಪಟೆ ತಲೆ, ಅತ್ತಿತ್ತ ತಿರುಗಬಲ್ಲ ಕುತ್ತಿಗೆ. ಎಲ್ಲಿ, ಯಾವ ವಯಸ್ಸಿನ ಕಲ್ಲಿನಲ್ಲಿ, ಎಂಥದ್ದನ್ನು ಹುಡುಕಬೇಕೆಂದು ಮೊದಲೇ ಹೇಳಿಕೊಟ್ಟದ್ದನ್ನು ಅಂದಾಜು ಎಂದು ಕರೆಯಲು ನನಗೆ ಮನಸ್ಸಾಗದು.

ಈಗ ನನ್ನ ಕೋರಿಕೆಗಳು. ವಿಕಾಸವಾದ ಎಂಬುದನ್ನು ಕೈಬಿಟ್ಟು, ನಡೆದ ಸಂಗತಿಗೆ ‘ಜೀವವಿಕಾಸ’ ಎಂದೂ ಅದು ಹೇಗೆ ನಡೆಯುತ್ತದೆಂಬ ವಿವರಣೆಗೆ ‘ವಿಕಾಸ ಸಿದ್ಧಾಂತ’ ಎಂದೂ ಬೇರೆ ಬೇರೆಯಾಗಿ ಬಳಸಬಹುದೇ? ಎರಡನ್ನೂ ಒಂದೇ ಪದದಲ್ಲಿ ತುರುಕಿರುವುದರಿಂದಲೇ ವಿವರಣೆಯ ಮೇಲಿನ ಪ್ರಶ್ನೆ ಸಂಗತಿಯ ಮೇಲಿನ ಅನುಮಾನವಾಗಿ ಕೇಳಿಸುತ್ತದೆ. ಸಾಪೇಕ್ಷತಾವಾದ ಎಂಬುದು ಹಲವರ ಬರಹದಲ್ಲಿ ಆಗಲೇ ಸಾಪೇಕ್ಷತಾ ಸಿದ್ಧಾಂತವಾಗಿದೆ, ಯಾರಿಗೂ ತೊಂದರೆಯಾದಂತಿಲ್ಲ. ನಿಘಂಟುಗಳ ಒಡನಾಟವಿರುವವರು, ‘ವಿಕಾಸವಾದ’ ಕನ್ನಡದಲ್ಲಿ ಮೊದಲು ಅಚ್ಚಾದದ್ದು ಎಲ್ಲಿ, ಆಗ ವಾದ ಎಂಬುದಕ್ಕೆ ಹಳೆಯ ಗೌರವದ ಅರ್ಥವಿತ್ತೇ ಎಂದು ತಿಳಿಸಿದರೆ ಉಪಕಾರ.

ಎರಡನೆಯದು ಹೈಪಾಥಿಸಿಸ್‌ಗೆ ಸಂಬಂಧಿಸಿದ್ದು. ಪ್ರಾಕ್ಕಲ್ಪನೆ, ಆಧಾರಕಲ್ಪನೆ, ಊಹನೆ ಎಂದೆಲ್ಲ ಬಳಕೆಯಿದೆ. ಮೊದಲೆರಡರಲ್ಲಿ ಕಲ್ಪನೆ ಎಂಬುದು ಕಟ್ಟುಕಥೆಯತ್ತ ಎಳೆಯುತ್ತದೆ. ‘ಊಹೆ’ ಎಂಬ ಬಳಕೆಮಾತನ್ನೇ ಉಳಿಸಿಕೊಂಡು ‘ಪರೀಕ್ಷಾರ್ಹ ಊಹೆ’ ಎಂದರೆ ಶಾಲೆಯ ಮಕ್ಕಳಿಗೂ ತಿಳಿಯುತ್ತದೆ ಎಂಬುದು ನನ್ನ ಒಲವು. ಇದಕ್ಕಿಂತ ಚಿಕ್ಕದಾದ, ನಾಲಿಗೆಗೆ ಹಗುರಾದ ಪದ ಯಾರ ಬಳಿಯಾದರೂ ಇದೆಯೇ?