ಬೇಸ್‌ಬಾಲ್ ಪುಸ್ತಕ ಪ್ರಶಸ್ತಿಗಳ ಗೊಂದಲ, ಓದಿದವರು ಸಹಾಯ ಮಾಡಿ

ನಮಸ್ಕಾರ. ನ್ಯೂಜೆರ್ಸಿಯಲ್ಲಿದ್ದೇನೆ. ಮಗಳು ಬೇಸ್‌ಬಾಲ್ ಆಡಲು ಶುರು ಮಾಡಿದ್ದಾಳೆ, ನಾನು ಬೇಲಿ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು, ಎಲ್ಲರೂ ಚಪ್ಪಾಳೆ ತಟ್ಟಿದಾಗ ಸುಮ್ನೆ ತಟ್ಟುತ್ತೇನೆ. ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲ. ಹಾಗಾಗಿ ಒಂದು ಒಳ್ಳೆ ಪುಸ್ತಕ ಓದೋಣ ಅಂತ ಪ್ರಶಸ್ತಿ ಪಟ್ಟಿ ಹಿಡಿದು ಕೂತೆ.

ಅಲ್ಲೇ ಸಿಕ್ಕಿಬಿದ್ದೆ. ಒಂದು ಕೇಸಿ ಪ್ರಶಸ್ತಿ, ಸ್ಪಿಟ್‌ಬಾಲ್ ಅನ್ನೋ ಸಾಹಿತ್ಯ ಪತ್ರಿಕೆ 1983ರಿಂದ ಕೊಡುತ್ತಿದೆ, ಮೊದಲ ವರ್ಷ ಗೆದ್ದಿದ್ದೇ ಕಾದಂಬರಿ. (ಆಟಕ್ಕೂ ಸಾಹಿತ್ಯ ಪತ್ರಿಕೆ!) ಇನ್ನೊಂದು ಸೇಬರ್ (SABR) ಅನ್ನೋ ಅಮೆರಿಕದ ಬೇಸ್‌ಬಾಲ್ ಸಂಶೋಧನಾ ಸಂಸ್ಥೆಯ ಸೀಮೋರ್ ಪದಕ, 1996ರಿಂದ. ಅದು ಇತಿಹಾಸ, ಜೀವನಚರಿತ್ರೆಗೆ ಮಾತ್ರ, ಅದೂ ಹಿಂದಿನ ವರ್ಷ ಬಂದ ಪುಸ್ತಕಕ್ಕೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ ವರ್ಷ ಹೊಂದಿಸಲು ಹೋದೆ, ಪೂರ್ತಿ ಗೋಜಲಾಯಿತು. ಲೈಬ್ರರಿಯಿಂದ ಎರಡು ಪುಸ್ತಕ ತಂದೆ, ಹತ್ತು ಪುಟದೊಳಗೆ ಬರೀ ಅಂಕಿಅಂಶ, ವಾಪಸ್ ಕೊಟ್ಟೆ.

ಪ್ರಶಸ್ತಿ ಬಂದಿದೆ ಅಂದರೆ ಆಟ ಮೊದಲೇ ಗೊತ್ತಿರುವವರಿಗೆ ಬರೆದದ್ದು ಅಂತಲೇ ಅರ್ಥವಾ? ಈ ಎರಡು ಪಟ್ಟಿಗಳಲ್ಲಿ, ಕ್ರಿಕೆಟ್ ಮಾತ್ರ ಗೊತ್ತಿರುವ ನನ್ನಂಥವಳು ಯಾವುದರಿಂದ ಶುರು ಮಾಡಬೇಕು? ನೀವೇ ಓದಿರುವ ಒಂದೇ ಒಂದು ಪುಸ್ತಕದ ಹೆಸರು ಹೇಳಿ, ಸಾಕು.